ಹರೆಯದ ತಲೆ, ಹೊಟ್ಟಿನ ಚಿಂತೆ

ಹೋದ ಮಳೆಗಾಲದಲ್ಲಿ ತಾಯಿಯೊಬ್ಬರು ಒಂಬತ್ತನೇ ತರಗತಿಯ ಮಗಳನ್ನು ಚರ್ಮರೋಗ ವೈದ್ಯೆಯಾದ ನನ್ನ ಹತ್ತಿರ ಕರೆದುಕೊಂಡು ಬಂದರು. ಕಡುನೀಲಿ ಸ್ವೆಟರು, ಎರಡು ಜಡೆ, ಮಡಿಸಿ ಕಟ್ಟಿದ ಬಿಳಿ ರಿಬ್ಬನ್ನು. ತಲೆಗೆ ಹಚ್ಚಿದ ಎಣ್ಣೆ ಹಣೆಗೂ ಇಳಿದು ಹೊಳೆಯುತ್ತಿತ್ತು. ಏನು ತೊಂದರೆ ಎಂದು ನಾನು ಕೇಳುವ ಮೊದಲೇ ತಾಯಿ ಶುರು ಮಾಡಿದರು. "ನೋಡಿ ಮೇಡಂ, ತಲೆ ತುಂಬ ಹೊಟ್ಟು. ಬಾ, ಎಣ್ಣೆ ಹಚ್ತೀನಿ ಅಂದ್ರೆ ಓಡಿಹೋಗ್ತಾಳೆ. ತಲೆ ಒಣಗಿ ಒಣಗಿ ಹೀಗಾಗಿದೆ. ಇವತ್ತು ಹಿಡಿದು ಕೂರಿಸಿ ಹಚ್ಚಿದ್ದೀನಿ." ಹುಡುಗಿ ನೆಲ ನೋಡುತ್ತ ಕೂತಿದ್ದಳು.

ಈ ವಯಸ್ಸಿನ ಮಕ್ಕಳು ಬಂದರೆ ಕಾಯಿಲೆಯ ಮಾತಿಗೆ ಮೊದಲು ಶಾಲೆಯ ಮಾತು ಎತ್ತುವುದು ನನ್ನ ರೂಢಿ. "ಕ್ಲಾಸಲ್ಲಿ ಎಲ್ಲಿ ಕೂತ್ಕೊಳ್ತೀಯ ಪುಟ್ಟಾ?" ಅಂದೆ. "ಲಾಸ್ಟ್ ಬೆಂಚು." "ನೀನೇನು ಅಷ್ಟು ಉದ್ದ ಇಲ್ಲವಲ್ಲ, ಅಲ್ಲಿ ಯಾಕೆ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಲ್ಲಿ ಕೂತ್ರೆ ಹಿಂದೆ ಯಾರೂ ಇರಲ್ಲ ಮೇಡಂ" ಅಂದಳು.

ತಾಯಿ ಮಗಳ ಮುಖವನ್ನೇ ನೋಡಿದರು. ಅವರಿಗೂ ಅದು ಗೊತ್ತಿರಲಿಲ್ಲ.

ಈ ಭಾಷಣ ಮಾಡಲೇಬೇಕು ಎಂದು ನನಗೆ ಅನ್ನಿಸಿದ್ದು ಅವತ್ತೇ. ತಲೆಹೊಟ್ಟಿನಿಂದ ಯಾರ ಜೀವವೂ ಹೋಗುವುದಿಲ್ಲ, ಜ್ವರ ಬರುವುದಿಲ್ಲ, ನೋವೂ ಇಲ್ಲ. ಹಾಗಾಗಿ ದೊಡ್ಡವರು ಇದನ್ನು ಕಾಯಿಲೆಗಳ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಹದಿನಾಲ್ಕು ವರ್ಷದ ಮಗುವೊಂದು ಬೋರ್ಡು ಸರಿಯಾಗಿ ಕಾಣದ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ ಎಂದಾದರೆ, ಅದು ಸಣ್ಣ ವಿಷಯ ಎಂದು ನಾನು ಒಪ್ಪುವುದಿಲ್ಲ. ಅದರಲ್ಲೂ ಇದು ಹತೋಟಿಗೆ ಬರುವ ತೊಂದರೆ. ವಿಷಯ ಗೊತ್ತಿಲ್ಲದೆ ಆ ಹುಡುಗಿ ಎರಡು ವರ್ಷ ಅನುಭವಿಸಿದ್ದಳು.

ಮೊದಲು ಹೇಳಬೇಕಾದ ಮಾತು: ತಲೆಹೊಟ್ಟು ಕೊಳೆಯಲ್ಲ. ದಿನಾ ಸ್ನಾನ ಮಾಡುವವರಿಗೂ ಬರುತ್ತದೆ. ಅಂಟುರೋಗವೂ ಅಲ್ಲ. ಪಕ್ಕದಲ್ಲಿ ಕೂತರೆ, ಒಂದೇ ದಿಂಬಿಗೆ ತಲೆ ಕೊಟ್ಟರೆ ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ಇದನ್ನು ಕಂಡವರೇ.

ಹೆಸರನ್ನೇ ನೋಡಿ. ಭತ್ತ ಕುಟ್ಟಿ ಕೇರುವಾಗ ಮೊರದಿಂದ ಹಾರುವುದು ಹೊಟ್ಟು. ತಲೆಯಿಂದ ಉದುರುವುದನ್ನು ನೋಡಿ ನಮ್ಮವರಿಗೆ ಅದೇ ನೆನಪಾಯಿತು. ಗ್ರೀಕರಿಗೂ ಹಾಗೆಯೇ. ಹೊಟ್ಟು ಹೊಟ್ಟಾಗಿ ಚರ್ಮ ಏಳುವ ತೊಂದರೆಗಳಿಗೆ ವೈದ್ಯರು ಇವತ್ತಿಗೂ ಬಳಸುವ ಪಿಟಿರಿಯಾಸಿಸ್ ಎಂಬ ಮಾತು ಬಂದದ್ದು ಪಿಟಿರಾನ್ ಎಂಬ ಗ್ರೀಕ್ ಪದದಿಂದ. ಅದರ ಅರ್ಥ ಧಾನ್ಯದ ಹೊಟ್ಟು, ತೌಡು. ಎಲ್ಲಿಯ ಗ್ರೀಸು, ಎಲ್ಲಿಯ ನಮ್ಮ ಒರಳುಕಲ್ಲು! ಎರಡೂ ಕಡೆ ಜನರ ಕಣ್ಣಿಗೆ ಬಿದ್ದದ್ದು ಒಂದೇ ಹೋಲಿಕೆ.

ಉದುರುವುದು ಏನು? ನಮ್ಮದೇ ಚರ್ಮ. ಚರ್ಮದ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹುಟ್ಟಿದ ಕೋಶ ಮೆಲ್ಲಗೆ ಮೇಲಕ್ಕೆ ಸರಿದು, ಒಣಗಿ, ಕೊನೆಗೆ ಉದುರಿಹೋಗಲು ಸುಮಾರು ನಾಲ್ಕು ವಾರ ಬೇಕು. ಇದು ಎಲ್ಲರ ಮೈಯಲ್ಲೂ ದಿನವೂ ನಡೆಯುತ್ತಿರುತ್ತದೆ. ಒಂದೊಂದೇ ಕೋಶ ಉದುರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ನೆತ್ತಿಯ ಚರ್ಮ ಕೆರಳಿದಾಗ ಈ ಕೆಲಸಕ್ಕೆ ಅವಸರ ಬರುತ್ತದೆ. ಕೋಶಗಳು ಪೂರ್ತಿ ಬಲಿಯುವ ಮೊದಲೇ ಮೇಲೆ ಬಂದು, ಒಂದಕ್ಕೊಂದು ಅಂಟಿಕೊಂಡು, ಪದರವಾಗಿ ಏಳುತ್ತವೆ. ನೀಲಿ ಸ್ವೆಟರಿನ ಮೇಲೆ ಬೆಳ್ಳಗೆ ಕಾಣುವುದು ಅದೇ.

ಹಾಗಾದರೆ ನೆತ್ತಿ ಯಾಕೆ ಕೆರಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ಕಾಲವೇ ಹಿಡಿಯಿತು. 1874ರಲ್ಲಿ ಲೂಯಿ ಶಾರ್ಲ್ ಮಲಾಸೆ ಎಂಬ ಫ್ರಾನ್ಸ್ ದೇಶದ ವಿಜ್ಞಾನಿ ತಲೆಹೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದರಲ್ಲಿ ದುಂಡು ದುಂಡಾದ, ಮೊಗ್ಗೊಡೆಯುವ ಸೂಕ್ಷ್ಮ ಶಿಲೀಂಧ್ರವನ್ನು ವಿವರಿಸಿದ. ಮುಂದೆ ಅವನ ಹೆಸರನ್ನೇ ಅದಕ್ಕೆ ಇಟ್ಟು ಮಲಸೀಜಿಯಾ ಎಂದು ಕರೆದರು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಆ ಜಾತಿಗೆ ಹತ್ತಿರದ ರೂಪ ಇದರದು. ಆದರೆ ಒಂದು ತೊಡಕು ಇತ್ತು. ಹೊಟ್ಟು ಇರುವವರ ತಲೆಯಲ್ಲೂ ಇದು ಇದೆ, ಹೊಟ್ಟು ಇಲ್ಲದವರ ತಲೆಯಲ್ಲೂ ಇದೆ. ಹೆಚ್ಚುಕಡಿಮೆ ಎಲ್ಲ ಮನುಷ್ಯರ ಚರ್ಮದ ಮೇಲೂ ಇದೆ. ಎಲ್ಲರ ಮೇಲೂ ಇರುವುದು ಕೆಲವರಿಗೆ ಮಾತ್ರ ಹೇಗೆ ರೋಗ ತರುತ್ತದೆ ಎಂದು ವೈದ್ಯರು ದಶಕಗಟ್ಟಲೆ ವಾದ ಮಾಡಿದರು.

ನಾನು ಚರ್ಮರೋಗ ವಿಷಯದಲ್ಲಿ ಮೇಲ್ವ್ಯಾಸಂಗ ಮಾಡುವಾಗ ಪ್ರಯೋಗಾಲಯದಲ್ಲಿ ನೋಡಿದ್ದೊಂದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಶಿಲೀಂಧ್ರಗಳನ್ನು ಬೆಳೆಸುವ ಗಾಜಿನ ತಟ್ಟೆಗಳಿರುತ್ತವೆ, ಒಳಗೆ ಹೆಪ್ಪುಗಟ್ಟಿದ ಆಹಾರ. ಒಬ್ಬ ರೋಗಿಯ ತಲೆಹೊಟ್ಟನ್ನೇ ಎರಡು ತಟ್ಟೆಗಳಿಗೆ ಸವರಿ ಇಟ್ಟಿದ್ದರು. ಒಂದಕ್ಕೆ ಬೇರೇನೂ ಹಾಕಿರಲಿಲ್ಲ. ಇನ್ನೊಂದರ ಮೇಲೆ ತೆಳುವಾಗಿ ಆಲಿವ್ ಎಣ್ಣೆ ಸುರಿದಿದ್ದರು. ಕೆಲವು ದಿನ ಬಿಟ್ಟು ನೋಡಿದರೆ, ಎಣ್ಣೆ ಇಲ್ಲದ ತಟ್ಟೆಯಲ್ಲಿ ಮಲಸೀಜಿಯಾದ ಸುಳಿವೇ ಇಲ್ಲ. ಎಣ್ಣೆ ಸುರಿದ ತಟ್ಟೆಯಲ್ಲಿ ಬೆಣ್ಣೆಯ ಬಣ್ಣದ ಚುಕ್ಕೆಗಳು ಎದ್ದಿದ್ದವು. ಈ ಜೀವಿಗೆ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ಹೊರಗಿನಿಂದ ಎಣ್ಣೆ ಸಿಕ್ಕಿದರೆ ಮಾತ್ರ ಬದುಕುತ್ತದೆ. 2007ರಲ್ಲಿ ಮಲಸೀಜಿಯಾ ಗ್ಲೋಬೋಸಾ ಎಂಬ ಪ್ರಭೇದದ ಇಡೀ ವಂಶವಾಹಿ ಪಟ್ಟಿಯನ್ನು ಓದಿದಾಗ ಇದಕ್ಕೆ ಕಾರಣವೂ ಸಿಕ್ಕಿತು. ಕೊಬ್ಬಿನಾಮ್ಲ ತಯಾರಿಸುವ ವಂಶವಾಹಿಯೇ ಅದರಲ್ಲಿ ಇರಲಿಲ್ಲ. ಬದಲಿಗೆ ಕೊಬ್ಬನ್ನು ಒಡೆಯುವ ಕಿಣ್ವಗಳು ಬೇಕಾದಷ್ಟಿದ್ದವು.

ನೆತ್ತಿಯಲ್ಲಿ ನಡೆಯುವುದೂ ಇದೇ. ಕೂದಲಿನ ಬುಡದಲ್ಲಿರುವ ಎಣ್ಣೆ ಗ್ರಂಥಿಗಳು ಜಿಡ್ಡು ಸ್ರವಿಸುತ್ತವೆ. ಮಲಸೀಜಿಯಾ ಆ ಜಿಡ್ಡನ್ನು ಒಡೆದು ತನಗೆ ಬೇಕಾದ್ದನ್ನು ತಿಂದು ಉಳಿದದ್ದನ್ನು ಬಿಡುತ್ತದೆ. ಬಿಟ್ಟದ್ದರಲ್ಲಿ ಒಲೀಕ್ ಆಮ್ಲ ಎಂಬುದು ಮುಖ್ಯ. ಅದು ಚರ್ಮದೊಳಕ್ಕೆ ಇಳಿದು ಕೆರಳಿಸುತ್ತದೆ. ಎಲ್ಲರನ್ನೂ ಅಲ್ಲ. ಕೆಲವರ ಚರ್ಮ ಅದನ್ನು ತಡೆದುಕೊಳ್ಳುತ್ತದೆ, ಕೆಲವರದು ತಡೆದುಕೊಳ್ಳುವುದಿಲ್ಲ. ಒಂದೇ ಮನೆಯ ಅಕ್ಕತಂಗಿಯರು ಒಂದೇ ಎಣ್ಣೆ, ಒಂದೇ ಬಾಚಣಿಗೆ ಬಳಸಿದರೂ ಒಬ್ಬಳ ತಲೆಯಲ್ಲಿ ಹೊಟ್ಟು ಇದ್ದು ಇನ್ನೊಬ್ಬಳಿಗೆ ಇಲ್ಲದಿರುವುದು ಇದರಿಂದಲೇ. ಅಕ್ಕ ಶುಭ್ರ, ತಂಗಿ ಕೊಳಕಿ ಎಂದು ಅದಕ್ಕೆ ಅರ್ಥವಲ್ಲ. ದಯವಿಟ್ಟು ಮನೆಗಳಲ್ಲಿ ಆ ಮಾತು ಆಡಬೇಡಿ.

ಇದು ಹರೆಯದಲ್ಲೇ ಯಾಕೆ ಶುರುವಾಗುತ್ತದೆ ಎಂಬುದಕ್ಕೂ ಉತ್ತರ ಜಿಡ್ಡಿನಲ್ಲೇ ಇದೆ. ಹಸುಗೂಸುಗಳ ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟುವುದನ್ನು ತಾಯಂದಿರು ನೋಡಿರುತ್ತೀರಿ. ತಾಯಿಯ ಹಾರ್ಮೋನುಗಳ ಪ್ರಭಾವ ಕೂಸಿನ ಮೈಯಲ್ಲಿ ಇನ್ನೂ ಇರುವ ಕಾಲ ಅದು. ಕೆಲವು ತಿಂಗಳಲ್ಲಿ ಅದು ತಾನೇ ಹೋಗುತ್ತದೆ. ಆಮೇಲೆ ಎಣ್ಣೆ ಗ್ರಂಥಿಗಳು ವರ್ಷಗಟ್ಟಲೆ ಹೆಚ್ಚು ಕೆಲಸವಿಲ್ಲದೆ ಇರುತ್ತವೆ. ಹರೆಯ ಕಾಲಿಟ್ಟೊಡನೆ ಆಂಡ್ರೋಜನ್ ಎಂಬ ಹಾರ್ಮೋನುಗಳು ಅವನ್ನು ಎಬ್ಬಿಸುತ್ತವೆ. ಮುಖ ಜಿಡ್ಡಾಗುವುದು, ಮೊಡವೆ ಏಳುವುದು, ತಲೆಯಲ್ಲಿ ಹೊಟ್ಟು ಕಾಣುವುದು, ಎಲ್ಲ ಒಂದೇ ಕಾಲದಲ್ಲಿ. ಹುಡುಗರಲ್ಲಿ ಈ ಹಾರ್ಮೋನು ಹೆಚ್ಚು, ಹೊಟ್ಟಿನ ಕಾಟವೂ ಹೆಚ್ಚು. ಯುವ ಮಿತ್ರರೇ, ಕನ್ನಡಿಯ ಮುಂದೆ ನಿಂತು ನನಗೊಬ್ಬನಿಗೇ, ನನಗೊಬ್ಬಳಿಗೇ ಹೀಗೆ ಎಂದು ಕೊರಗಬೇಡಿ. ನಿಮ್ಮ ದೇಹ ಬೆಳೆಯುತ್ತಿದೆ. ಆ ಬೆಳವಣಿಗೆಯ ಜೊತೆಗೆ ಬಂದ ಕಿರಿಕಿರಿ ಇದು.

ಈಗ ಆ ತಾಯಿಯ ಮಾತಿಗೆ ಬರೋಣ. ತಲೆ ಒಣಗಿದ್ದರಿಂದ ಹೊಟ್ಟು, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಎಂಬುದು ನಮ್ಮ ಮನೆಮನೆಯ ನಂಬಿಕೆ. ಎಣ್ಣೆ ಹಚ್ಚಿದಾಗ ಹೊಟ್ಟು ತೋಯ್ದು ಕೂದಲಿಗೆ ಅಂಟಿಕೊಳ್ಳುತ್ತದೆ, ಉದುರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಹೋಯಿತು ಅನ್ನಿಸುತ್ತದೆ. ಹೋಗಿರುವುದಿಲ್ಲ. ಪ್ರಯೋಗಾಲಯದ ಆ ತಟ್ಟೆಯನ್ನು ನೆನಪಿಸಿಕೊಳ್ಳಿ. ಜಿಡ್ಡು ಈಗಾಗಲೇ ಹೆಚ್ಚಾಗಿರುವ ನೆತ್ತಿಯ ಮೇಲೆ ಇನ್ನಷ್ಟು ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಮುಂದಿನ ಭಾನುವಾರದವರೆಗೆ ಹಾಗೇ ಬಿಟ್ಟರೆ ಆಗುವುದು ಏನು ಎಂದು ನೀವೇ ಊಹಿಸಬಹುದು.

ಹಾಗೆಂದು ನಾನು ಅಜ್ಜಿಯರನ್ನು ದೂರುವವಳಲ್ಲ. ನಮ್ಮದು ಮಲೆನಾಡಿನ ಹಳ್ಳಿಮನೆ. ಅಜ್ಜಿ ನನಗೆ ತಲೆಗೆ ಎರೆಯುತ್ತಿದ್ದ ರೀತಿಯನ್ನು ಇವತ್ತು ವೈದ್ಯೆಯಾಗಿ ನೆನೆಸಿಕೊಂಡರೆ ಅದರ ಹದ ಅರ್ಥವಾಗುತ್ತದೆ. ಬೆಳಿಗ್ಗೆ ಎದ್ದೊಡನೆ ಬಚ್ಚಲೊಲೆಗೆ ಬೆಂಕಿ, ಹಂಡೆಯಲ್ಲಿ ನೀರು. ನೆತ್ತಿಗೆ ಎಣ್ಣೆ ತಟ್ಟಿ, ಬುಡಬುಡಕ್ಕೆ ತಿಕ್ಕಿ, ಒಂದು ಗಂಟೆ ಬಿಡುತ್ತಿದ್ದಳು. ಹೆಚ್ಚೆಂದರೆ ಎರಡು. ಆಮೇಲೆ ಬಚ್ಚಲಿನಲ್ಲಿ ಕೂರಿಸಿ ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ಕಣ್ಣು ಉರಿದರೂ ಬಿಡುತ್ತಿರಲಿಲ್ಲ. ಕೊನೆಗೆ ದಾಸವಾಳದ ಎಲೆಯ ಗೊಂಪು. ಬೆರಳಲ್ಲಿ ಕೂದಲನ್ನು ಎಳೆದರೆ ಕಿರ್ ಎಂದು ಸದ್ದು ಬರಬೇಕು, ಅಲ್ಲಿಯವರೆಗೆ ನೀರು ಹೊಯ್ಯುತ್ತಲೇ ಇರುವಳು. ಆ ಸದ್ದು ಬಂದರೆ ಜಿಡ್ಡು ಹೋಯಿತು ಎಂದು ಲೆಕ್ಕ. ಹಬ್ಬದ ಅಭ್ಯಂಜನದ ಕ್ರಮವೂ ಅದೇ: ಎಣ್ಣೆ ಹಚ್ಚುವುದು, ಹಚ್ಚಿದ್ದನ್ನು ಪೂರ್ತಿ ತೆಗೆಯುವುದು. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಇದೆ, ಜಿಡ್ಡು ಕೀಳುವುದು ಅದೇ. ಈಗ ಬಚ್ಚಲೊಲೆ ಹೋಯಿತು, ಉಜ್ಜುವ ಅಜ್ಜಿಯೂ ಇಲ್ಲ, ಬೆಳಿಗ್ಗೆ ಏಳೂವರೆಗೆ ಶಾಲೆಯ ಬಸ್ಸು. ಎಣ್ಣೆ ಹಚ್ಚುವುದನ್ನು ಉಳಿಸಿಕೊಂಡೆವು, ತೊಳೆಯುವುದನ್ನು ಬಿಟ್ಟೆವು. ತಪ್ಪಿದ್ದು ಇಲ್ಲಿ.

ಆದ್ದರಿಂದ ಹೊಟ್ಟು ಇರುವಷ್ಟು ದಿನ ಎಣ್ಣೆಯನ್ನು ರಾತ್ರಿಯಿಡೀ ತಲೆಯಲ್ಲಿ ಬಿಡಬೇಡಿ. ಹಚ್ಚಲೇಬೇಕು ಅನ್ನಿಸಿದರೆ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ, ಅವತ್ತೇ ತೊಳೆಯಿರಿ. ಹೊಟ್ಟು ದಪ್ಪಗೆ ಕಟ್ಟಿದ್ದರೆ ಆ ಒಂದು ಗಂಟೆಯ ಎಣ್ಣೆ ಅದನ್ನು ಮೆತ್ತಗೆ ಮಾಡಿ ಸುಲಭವಾಗಿ ಎಬ್ಬಿಸುತ್ತದೆ. ಎಣ್ಣೆಯಿಂದ ಇಲ್ಲಿ ಆಗುವ ಉಪಕಾರ ಅಷ್ಟು.

ಇನ್ನು ಶಾಂಪೂ. ಅಂಗಡಿಯಲ್ಲಿ ಹೊಟ್ಟಿನ ಶಾಂಪೂ ಎಂದು ಹತ್ತಾರು ಬಾಟಲಿ ಇಟ್ಟಿರುತ್ತಾರೆ. ಮುಂದಿನ ಚಿತ್ರ ನೋಡಿ ಕೊಳ್ಳಬೇಡಿ. ಬಾಟಲಿ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತದಲ್ಲ, ಅದನ್ನು ಓದಿ. ಕೀಟೊಕೊನಜೋಲ್, ಝಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್, ಈ ಮೂರರಲ್ಲಿ ಒಂದು ಹೆಸರು ಇದೆಯೇ ನೋಡಿ. ಮೂರೂ ಆ ಶಿಲೀಂಧ್ರವನ್ನು ಕಡಿಮೆ ಮಾಡುವಂಥವು. ಸ್ಯಾಲಿಸಿಲಿಕ್ ಆಮ್ಲ ಎಂದಿದ್ದರೆ ಅದು ಕಟ್ಟಿದ ಪದರವನ್ನು ಸಡಿಲಿಸುತ್ತದೆ. ಸಾಧಾರಣ ಹೊಟ್ಟಿಗೆ ಝಿಂಕ್ ಇರುವುದರಿಂದ ಶುರು ಮಾಡಬಹುದು. ಜೋರಾಗಿದ್ದರೆ ಶೇಕಡಾ 2ರ ಕೀಟೊಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ನಾಲ್ಕು ವಾರ. 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನು ವೈದ್ಯರನ್ನು ಕೇಳದೆ ಹಾಕಬೇಡಿ.

ಇಲ್ಲೇ ಬಹಳ ಜನ ಸೋಲುತ್ತಾರೆ. ಆ ಹುಡುಗಿಯ ಮನೆಯಲ್ಲೂ ಇಂಥ ಶಾಂಪೂ ಇತ್ತು. "ಹೇಗೆ ಹಾಕ್ತೀಯ?" ಎಂದು ಕೇಳಿದೆ. ಕೂದಲಿಗೆ ಹಚ್ಚಿ, ನೊರೆ ಬಂದ ಕೂಡಲೇ ತೊಳೆದುಬಿಡುತ್ತಿದ್ದಳು. ಇದು ಔಷಧಿ. ನೆತ್ತಿಯ ಚರ್ಮಕ್ಕೆ ತಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲದಿದ್ದರೆ ಕೆಲಸ ಮಾಡುವುದು ಹೇಗೆ? ಮೂರರಿಂದ ಐದು ನಿಮಿಷ ಬಿಡಲೇಬೇಕು. ಮೂರು ನಿಮಿಷ ಎಂದರೆ ಬಚ್ಚಲಿನಲ್ಲಿ ಬಹಳ ಉದ್ದ. ಮೂವತ್ತು ಸೆಕೆಂಡಿಗೇ ಆಯಿತು ಅನ್ನಿಸುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುವ ಉಪಾಯ ಇದು: ರೇಡಿಯೊದಲ್ಲಿ ಒಂದು ಚಿತ್ರಗೀತೆ ಕೇಳುತ್ತೀರಲ್ಲ, ಪಲ್ಲವಿಯಿಂದ ಕೊನೆಯ ಚರಣದವರೆಗೆ ಅದು ಮುಗಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಿಮಗಿಷ್ಟವಾದ ಹಾಡೊಂದನ್ನು ಪೂರ್ತಿ ಹಾಡಿಕೊಳ್ಳಿ. ಚರಣ ನುಂಗಬೇಡಿ.

ಹಚ್ಚುವ ರೀತಿಯನ್ನೂ ಹೇಳಿಬಿಡುತ್ತೇನೆ. ಮೊದಲು ತಲೆಯನ್ನು ಚೆನ್ನಾಗಿ ಒದ್ದೆ ಮಾಡಿ. ತಲೆ ತುಂಬ ಜಿಡ್ಡಿದ್ದರೆ ಮಾಮೂಲಿ ಶಾಂಪೂ ಅಥವಾ ಸೀಗೆಪುಡಿಯಿಂದ ಒಮ್ಮೆ ತೊಳೆದುಕೊಳ್ಳಿ. ಆಮೇಲೆ ಔಷಧಿಯ ಶಾಂಪೂವನ್ನು ಅಂಗೈಗೆ ಹಾಕಿ, ಸ್ವಲ್ಪ ನೀರು ಬೆರೆಸಿ, ಬೈತಲೆ ತೆಗೆದ ಹಾಗೆ ಕೂದಲನ್ನು ಸಾಲು ಸಾಲಾಗಿ ಬಿಡಿಸುತ್ತ ಬುಡಕ್ಕೆ ಹಚ್ಚಿ. ಜಡೆಯ ಉದ್ದಕ್ಕೆ ಬೇಕಾಗಿಲ್ಲ, ಹೊಟ್ಟು ಇರುವುದು ನೆತ್ತಿಯಲ್ಲಿ. ಕಿವಿಯ ಹಿಂದೆ ಮತ್ತು ಕತ್ತಿನ ಹಿಂಭಾಗದ ಅಂಚನ್ನು ಮರೆಯಬೇಡಿ. ಬೆರಳ ತುದಿಯಿಂದ ತಿಕ್ಕಿ, ಉಗುರಿನಿಂದ ಕೆರೆಯಬೇಡಿ. ಕೆರೆದ ಕಡೆ ಗಾಯವಾಗಿ ಕೀವು ಕಟ್ಟಿಕೊಂಡು ಬರುವ ಮಕ್ಕಳನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಹಾಡು ಮುಗಿದ ಮೇಲೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಹಾಸ್ಟೆಲಿನಲ್ಲಿ ಇರುವವರ ಕಷ್ಟ ನನಗೆ ಗೊತ್ತು. ಒಂದು ಬಕೆಟ್ ನೀರು, ಹೊರಗೆ ಬಾಗಿಲು ಬಡಿಯುವವರು. ಎಷ್ಟೋ ಕಡೆ ಬೋರ್‌ವೆಲ್ಲಿನ ಗಡಸು ನೀರು, ಸೋಪು ಹಾಕಿದರೆ ನೊರೆಯ ಬದಲು ಬಿಳಿ ಕಿಟ್ಟ. ಅಂಥ ನೀರಿನಲ್ಲಿ ಮೈಸೋಪಿನಿಂದ ತಲೆ ತೊಳೆದರೆ ಆ ಕಿಟ್ಟವೇ ಕೂದಲಿಗೆ ಕೂತು ಹೊಟ್ಟಿನ ಹಾಗೆ ಕಾಣುತ್ತದೆ. ತಲೆಗೆ ಮೈಸೋಪು ಬೇಡ. ವಾರದಲ್ಲಿ ಎರಡು ದಿನ, ಗಲಾಟೆ ಇಲ್ಲದ ಹೊತ್ತು ನೋಡಿಕೊಂಡು, ಎರಡು ಬಕೆಟ್ ನೀರಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಒದ್ದೆ ಕೂದಲಿಗೆ ಜಡೆ ಹೆಣೆದು ದಿನವಿಡೀ ಬಿಡಬೇಡಿ. ಹುಡುಗರು ಒದ್ದೆ ತಲೆಗೆ ಹೆಲ್ಮೆಟ್ಟು ಏರಿಸಬೇಡಿ, ಕೂದಲು ನಿಲ್ಲಿಸಲು ಹಚ್ಚುವ ಜೆಲ್ಲನ್ನು ಹೊಟ್ಟು ಕಡಿಮೆಯಾಗುವ ತನಕ ಬಿಡಿ.

ಮನೆಮದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನೆನೆಸಿದ ಮೆಂತ್ಯ ರುಬ್ಬಿ ಹಚ್ಚಿದರೆ ಕೂದಲು ನುಣುಪಾಗುತ್ತದೆ, ತಲೆ ತಂಪು ಅನ್ನಿಸುತ್ತದೆ. ಹಚ್ಚಿಕೊಳ್ಳಿ, ಅಡ್ಡಿಯಿಲ್ಲ, ಆದರೆ ಅದೊಂದರಿಂದಲೇ ಹೊಟ್ಟು ಹೋಗುತ್ತದೆ ಎಂದು ತಿಂಗಳುಗಟ್ಟಲೆ ಕಾಯಬೇಡಿ. ನಿಂಬೆಹಣ್ಣು ಮಾತ್ರ ಬೇಡವೇ ಬೇಡ. ಹೋಳು ಮಾಡಿ ತಲೆಗೆ ಉಜ್ಜಿಕೊಂಡು ಬಿಸಿಲಿಗೆ ಹೋದರೆ, ರಸ ಇಳಿದ ಹಣೆ, ಕತ್ತಿನ ಕಡೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಹದಿನೈದು ವರ್ಷದ ಹುಡುಗನೊಬ್ಬನ ಹಣೆಯ ಮೇಲೆ ರಸ ಇಳಿದ ದಾರಿಯೇ ಗೆರೆ ಗೆರೆಯಾಗಿ ಮೂಡಿದ್ದನ್ನು ನೋಡಿದ್ದೇನೆ. ಅದು ಮಾಸಲು ತಿಂಗಳುಗಳೇ ಬೇಕಾದವು.

ಇನ್ನೊಂದು ವಿಷಯದಲ್ಲಿ ನನಗೆ ನಿಜವಾದ ಭಯ ಇದೆ. ತುರಿಕೆ ಎಂದು ಹೇಳಿ ಔಷಧಿ ಅಂಗಡಿಯಲ್ಲಿ ಯಾವುದೋ ಟ್ಯೂಬು ತಂದು ಹಚ್ಚುವುದು. ಅಂಥ ಎಷ್ಟೋ ಮುಲಾಮುಗಳಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡುಗಳಿರುತ್ತವೆ. ಎರಡು ದಿನದಲ್ಲಿ ತುರಿಕೆ ಮಾಯ. ಬಿಟ್ಟ ಮೇಲೆ ಮತ್ತೆ ಬರುತ್ತದೆ, ಮತ್ತೆ ಹಚ್ಚುತ್ತಾರೆ. ಹಣೆಗೆ, ಹುಬ್ಬಿಗೆ, ಮೂಗಿನ ಪಕ್ಕಕ್ಕೆ ತಿಂಗಳಾನುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕೆಂಪಗೆ ಉರಿಯುತ್ತ, ಬಿಸಿಲಿಗೆ ಮುಖ ಒಡ್ಡಲಾರದೆ ಬರುವ ಹುಡುಗಿಯರಿದ್ದಾರೆ. ಸ್ಟೀರಾಯ್ಡು ಕೆಟ್ಟದ್ದಲ್ಲ, ನಾವೂ ಬರೆದುಕೊಡುತ್ತೇವೆ. ಎಷ್ಟು ದಿನ, ಎಲ್ಲಿಗೆ ಎಂದು ಲೆಕ್ಕ ಇಟ್ಟು ಬರೆಯುತ್ತೇವೆ. ಚೀಟಿ ಇಲ್ಲದೆ ಅದನ್ನು ಮುಖದ ಹತ್ತಿರ ತರಬೇಡಿ.

ಬಿಳಿಯಾಗಿ ಕಂಡದ್ದೆಲ್ಲ ಹೊಟ್ಟಲ್ಲ. ಬೆರಳಿನಿಂದ ತಟ್ಟಿದರೆ ಹೊಟ್ಟು ಉದುರುತ್ತದೆ. ಉದುರದೆ ಕೂದಲಿನ ಎಳೆಗೇ ಅಂಟಿಕೊಂಡಿದ್ದರೆ ಅದು ಸೀರು, ಅಂದರೆ ಹೇನಿನ ಮೊಟ್ಟೆ, ಅದಕ್ಕೆ ಬೇರೆ ಔಷಧಿ. ದುಂಡಗೆ ಒಂದು ಕಡೆ ಕೂದಲು ಮುರಿದು ಬೋಳಾಗಿದ್ದರೆ ಹುಳುಕಡ್ಡಿ ಇರಬಹುದು. ಅದು ಅಂಟುತ್ತದೆ, ಮಾತ್ರೆಯನ್ನೇ ನುಂಗಬೇಕಾಗುತ್ತದೆ, ಶಾಂಪೂ ಸಾಲದು. ದಪ್ಪಗೆ ಬೆಳ್ಳಿಯ ಬಣ್ಣದ ಪದರ ಕಟ್ಟಿ ಕೂದಲಿನ ಗೆರೆ ದಾಟಿ ಹಣೆಗೆ ಇಳಿದಿದ್ದರೆ, ಮೊಣಕೈ ಮೊಣಕಾಲಿನ ಮೇಲೂ ಅಂಥದ್ದೇ ಇದ್ದರೆ ಸೋರಿಯಾಸಿಸ್ ಎಂದು ಅನುಮಾನ ಪಡಬೇಕು. ಈ ಮೂರರಲ್ಲಿ ಯಾವುದೇ ಆದರೂ ವೈದ್ಯರಿಗೆ ತೋರಿಸಿ.

ಕೂದಲು ಉದುರುವ ಚಿಂತೆ ಹುಡುಗಿಯರಿಗೆ ಹೆಚ್ಚು. ದಿನಕ್ಕೆ 50ರಿಂದ 100 ಕೂದಲು ಯಾರಿಗಾದರೂ ಉದುರುತ್ತವೆ. ಮೂರು ದಿನ ಬಾಚದೆ ತಲೆಗೆ ಎರೆದುಕೊಂಡಾಗ ಒಟ್ಟಿಗೆ ಕೈಗೆ ಬಂದರೆ ಹೆದರಬೇಡಿ. ಹೊಟ್ಟಿನಿಂದ ತಲೆ ಬೋಳಾಗುವುದಿಲ್ಲ. ಕೆರೆದು ಕೆರೆದು ಮುರಿದ ಕೂದಲೂ ಕೆರೆಯುವುದು ನಿಂತ ಮೇಲೆ ಬೆಳೆಯುತ್ತದೆ.

ಈಗ ಸ್ವಲ್ಪ ಕಹಿಯಾದ ಸತ್ಯ. ಹೊಟ್ಟು ಹತೋಟಿಗೆ ಬರುತ್ತದೆ, ಬೇರುಸಹಿತ ಹೋಗುವುದಿಲ್ಲ. ಜಿಡ್ಡು ಇರುತ್ತದೆ, ಮಲಸೀಜಿಯಾವೂ ಇರುತ್ತದೆ. ನಾಲ್ಕು ವಾರ ಚೆನ್ನಾಗಿ ಮಾಡಿ, ತಲೆ ಶುಭ್ರವಾಯಿತು ಎಂದು ಬಿಟ್ಟುಬಿಟ್ಟರೆ ಕೆಲವು ವಾರದಲ್ಲಿ ಮತ್ತೆ ಕಾಣುತ್ತದೆ. ಆಗ "ಶಾಂಪೂ ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ಮಾಡಿತ್ತು, ನೀವು ನಿಲ್ಲಿಸಿದಿರಿ. ನಾಲ್ಕು ವಾರದ ಮೇಲೆ ಅದೇ ಶಾಂಪೂವನ್ನು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಹಾಕುತ್ತ ಇರಬೇಕು. ನಿದ್ದೆಗೆಟ್ಟಾಗ, ಚಿಂತೆ ಹೆಚ್ಚಾದಾಗ, ಚಳಿಗಾಲದಲ್ಲಿ ಇದು ಕೆರಳುವುದುಂಟು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಬರುವ ಹೊತ್ತಿಗೆ ನನ್ನ ಹತ್ತಿರ ಬರುವ ಮಕ್ಕಳ ಸಂಖ್ಯೆ ಏರುತ್ತದೆ. ಆ ದಿನಗಳಲ್ಲಿ ಸ್ನಾನಕ್ಕೆ ಹೊತ್ತಿಲ್ಲ ಎಂದು ಬಿಡದೆ, ವಾರಕ್ಕೆ ಎರಡು ಸಲ ತಪ್ಪದೆ ತಲೆ ತೊಳೆಯಿರಿ. ವಯಸ್ಸು ಕಳೆದಂತೆ ಗ್ರಂಥಿಗಳ ಚಟುವಟಿಕೆ ಇಳಿದು ಹೊಟ್ಟೂ ಕಡಿಮೆಯಾಗುತ್ತದೆ.

ಶಿಕ್ಷಕರಲ್ಲಿ ಒಂದು ಮಾತು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಮಗುವಿನ ಭುಜ ತೋರಿಸಿ "ಸ್ನಾನ ಮಾಡ್ಕೊಂಡು ಬರೋಕಾಗಲ್ವಾ" ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಆ ಮಗು ಬೆಳಿಗ್ಗೆ ಸ್ನಾನ ಮಾಡಿಕೊಂಡೇ ಬಂದಿರುತ್ತದೆ. ಗೆಳೆಯ ಗೆಳತಿಯರೂ ಅಷ್ಟೇ. ಭುಜದ ಮೇಲೆ ಬಿದ್ದದ್ದನ್ನು ಎಲ್ಲರ ಮುಂದೆ ಕೊಡವಿ ನಗಬೇಡಿ. ಹೇಳಲೇಬೇಕಾದರೆ ಒಬ್ಬರೇ ಇದ್ದಾಗ ಮೆಲ್ಲಗೆ ಹೇಳಿ. ಅಪ್ಪ ಅಮ್ಮಂದಿರಲ್ಲೂ ಕೇಳಿಕೊಳ್ಳುತ್ತೇನೆ: ಮಗ ಅಥವಾ ಮಗಳು ಶಾಂಪೂಗೆ ದುಡ್ಡು ಕೇಳಿದರೆ ಶೋಕಿ ಎಂದು ಗದರಿಸಬೇಡಿ, ಯಾಕೆ ಎಂದು ಕೇಳಿ.

ಆ ಹುಡುಗಿ ಐದು ವಾರ ಬಿಟ್ಟು ಬಂದಳು. ನೆತ್ತಿ ಬಹುಪಾಲು ಶುಭ್ರವಾಗಿತ್ತು, ಕಿವಿಯ ಹಿಂದೆ ಸ್ವಲ್ಪ ಉಳಿದಿತ್ತು. ಶಾಂಪೂ ಅಲ್ಲಿಗೆ ತಲುಪಿರಲಿಲ್ಲ, ಮತ್ತೊಮ್ಮೆ ತೋರಿಸಿಕೊಟ್ಟೆ. ಯಾವ ಹಾಡು ಹಾಡ್ಕೊಳ್ತೀಯ ಎಂದು ಕೇಳಿದ್ದಕ್ಕೆ ಹೇಳಲಿಲ್ಲ, ನಕ್ಕಳು. ಈಗ ಭಾನುವಾರ ಎಣ್ಣೆ ಹಚ್ಚಿ, ಒಂದು ಗಂಟೆ ಬಿಟ್ಟು, ತಾವೇ ಕೂತು ತೊಳೆಯುವುದಾಗಿ ತಾಯಿ ಹೇಳಿದರು.

ನಾಲ್ಕು ವಾರ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ, ತುರಿಕೆಯಿಂದ ನಿದ್ದೆ ಬಾರದಿದ್ದರೆ, ಹುಬ್ಬು, ರೆಪ್ಪೆ, ಮೂಗಿನ ಪಕ್ಕ ಕೆಂಪಗಾಗಿ ಏಳುತ್ತಿದ್ದರೆ ಮನೆಯಲ್ಲೇ ಇರಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲಿ ನಾಚಿಕೆಯಿಲ್ಲದೆ ಕೇಳಬಹುದು. ಬರುವ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಎಣ್ಣೆ ಇದ್ದರೆ ಹೊಟ್ಟು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಈವರೆಗೆ ಬಳಸಿದ ಶಾಂಪೂವಿನ ಬಾಟಲಿ, ಹಚ್ಚಿದ ಮುಲಾಮಿನ ಟ್ಯೂಬು ಖಾಲಿಯಾಗಿದ್ದರೂ ಸರಿ, ಜೊತೆಗೆ ತನ್ನಿ.